ಶಿವಮ್ಮನ ಕಣ್ಣಿನ ಹಾಜರಿ

ಹುದಿಕೇರಿ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದ ಶಿವಮ್ಮ ನೆಲ ನೋಡಿಕೊಂಡೇ ನಡೆಯುತ್ತಿದ್ದಳು. ಅದು ಹುಟ್ಟುಗುಣವಲ್ಲ, ಹೊಡೆದು ಕಲಿಸಿದ್ದು. ಕುಶಾಲನಗರದ ಬಳಿಯ ತವರಿಂದ ಮದುವೆಯಾಗಿ ಬಂದ ಹೊಸದರಲ್ಲಿ, ಹಣ್ಣು ಬಿಟ್ಟು ಹಸಿರು ಕಾಯಿ ಕಿತ್ತೆಯೆಂದು ಬೈದ, ಆಳುಗಳ ಲೆಕ್ಕ ಬರೆಯುವ ರೈಟರ್ ಧರ್ಮೇಶನ ಮುಖವನ್ನು ನೇರ ನೋಡಿ, "ನಾನಲ್ಲ" ಅಂದಿದ್ದಳು.

"ನನ್ನೇ ಕಣ್ಣೆತ್ತಿ ನೋಡ್ತೀಯೇನೇ?" ಎಂದು ಅವನು ಬಿಟ್ಟ ಏಟಿಗೆ ಎಡಗಿವಿ ಇವತ್ತಿಗೂ ಕೇಳುವುದಿಲ್ಲ. ಗಂಡ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸತ್ತ ಮೇಲೂ ಅವಳು ಕೂಲಿಯಾಳುಗಳಿಗೆ ಎಸ್ಟೇಟು ಕೊಡುವ ಲೈನ್ ಮನೆಯಲ್ಲೇ ಉಳಿದಳು. ಬೇರೆ ಸೂರಿರಲಿಲ್ಲ.

ಈ ಸಲ ಕಾಫಿ ಹಣ್ಣಿನ ಪಿಕ್ಕಿಂಗಿಗೆ ಮೊದಲು ಸಾಹುಕಾರರು ಗೇಟಿಗೊಂದು ಕ್ಯಾಮೆರಾ ಹಾಕಿಸಿದರು. ನಡೆದು ಬರುವವರ ಕಣ್ಣನ್ನು ಹತ್ತಡಿ ದೂರದಿಂದಲೇ ಗುರುತು ಹಿಡಿದು, ಹೆಸರು ಕೂಗಿ, ಹಾಜರಿ ಹಾಕುವ ಯಂತ್ರ. ಶನಿವಾರದೊಳಗೆ ಕಣ್ಣು ದಾಖಲಾಗದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದವರಿಗೆ ಲೈನ್ ಮನೆಯೂ ಇಲ್ಲ.

ದಾಖಲು ಮಾಡುವ ಯಜಮಾನಿಕೆ ಧರ್ಮೇಶನದು. ರೈಟರಿಗೆಂಥ ಹಾಜರಿ ಎಂದು ಅವನು ತನ್ನ ಕಣ್ಣು ಕೊಟ್ಟಿರಲಿಲ್ಲ. ಶಿವಮ್ಮ ನಾಲ್ಕು ಸಲ ನಡೆದು ಬಂದಳು. ಅವನೆದುರು ರೆಪ್ಪೆ ಮೇಲೇಳಲೇ ಇಲ್ಲ. ಇಪ್ಪತ್ತೆರಡು ವರ್ಷ ತಗ್ಗಿದ್ದು ಒಂದು ಬೆಳಿಗ್ಗೆಗೆ ಏಳುತ್ತದೆಯೇ?

"ಮೇಲೆ ನೋಡೇ, ಕತ್ತೆ!"

ಅವನು ತುರುಬು ಹಿಡಿದು ಎಳೆದ. ನೋವಿಗೆ ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಯಂತ್ರಕ್ಕೆ ಬೇಕಾದದ್ದು ತೆರೆದ ಕಣ್ಣು. ಪಕ್ಕದಲ್ಲೇ ಸಿಟ್ಟಿಗೆ ಅಗಲವಾಗಿದ್ದ ಅವನ ಎರಡು ಸಿಕ್ಕವು, ಅವನ್ನೇ ತೆಗೆದುಕೊಂಡಿತು. ಹಸಿರು ದೀಪ ಹತ್ತಿತು.

ಮರುದಿನ ಧರ್ಮೇಶ ಗೇಟಿಗೆ ಬಂದಾಗ ಯಂತ್ರ ಸ್ಪಷ್ಟವಾಗಿ ಕೂಗಿತು: "ಶಿವಮ್ಮ. ಹಾಜರಿ ಆಗಿದೆ."

ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಅವರಲ್ಲಿ ಯಮುನ ಎಂಬವಳು ಮಾತ್ರ ತಡೆಯಲಾರದೆ, "ಬನ್ನಿ ಶಿವಮ್ಮೋರೇ!" ಅಂದುಬಿಟ್ಟಳು. ನಗದೆ ನಿಂತಿದ್ದವಳು ಶಿವಮ್ಮ ಒಬ್ಬಳೇ. ಏಟು ಬಿದ್ದದ್ದೂ ಅವಳೊಬ್ಬಳಿಗೇ. ಧರ್ಮೇಶನ ಬೆತ್ತದ ಹಿಡಿ ಬಲಗಣ್ಣಿನ ಮೇಲೆ ಕೂತಿತು. ಕೆಳಗೆ ಬಿದ್ದವಳ ಪಕ್ಕೆಗೆ ಬೂಟುಗಾಲಿನಿಂದ ಎರಡು ಸಲ ಒದ್ದ. ಸಂಜೆಯೊಳಗೆ ಕಣ್ಣು ಊದಿ ಮುಚ್ಚಿಹೋಯಿತು.

ಶನಿವಾರ, ಯಂತ್ರ ಸರಿ ಮಾಡಲು ಪೊನ್ನಂಪೇಟೆಯಿಂದ ಕವನಾ ಎಂಬ ಹುಡುಗಿ ಬಂದಳು. ತಪ್ಪು ದಾಖಲೆ ಅಳಿಸಿ, "ಶಿವಮ್ಮ ಯಾರು?" ಎಂದಳು.

"ಅವಳದ್ದು ಬೇಡ," ಅಂದ ಧರ್ಮೇಶ. "ಕೆಲ್ಸದಿಂದ ತೆಗ್ದಾಯ್ತು. ಇವತ್ತೇ ಮನೆ ಖಾಲಿ ಮಾಡ್ತಾಳೆ."

ಶಿವಮ್ಮ ಮುಂದೆ ಬಂದಳು. ಅವನು ಬೆತ್ತ ಎತ್ತಿದ. ಅದು ಇಳಿಯುವ ಮೊದಲೇ ಹಿಡಿದು, ಕಿತ್ತುಕೊಂಡು, ಅವನ ಮುಖಕ್ಕೇ ಬೀಸಿದಳು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಅವತ್ತು ದವಡೆ ಧರ್ಮೇಶನದು. ಹಲ್ಲು ಮುರಿದ ಸದ್ದು ಎಲ್ಲರಿಗೂ ಕೇಳಿತು. ಮೊಣಕಾಲಿಗೆ ಇನ್ನೊಂದು ಬಿತ್ತು. ಅವನು ಗೇಟಿನ ಬುಡದಲ್ಲಿ ಕುಸಿದು, ರಕ್ತ ಉಗುಳುತ್ತಾ, "ಪೊಲೀಸ್! ಪೊಲೀಸ್ ಕರೀರೋ!" ಎಂದು ಅರಚಿದ. ಯಾರೂ ಕದಲಲಿಲ್ಲ. ನನ್ನನ್ನು ಕೇಳಿದರೆ, ಆ ಏಟು ಇಪ್ಪತ್ತೆರಡು ವರ್ಷ ತಡವಾಗಿ ಬಿತ್ತು.

"ಕರೀಲಿ," ಅಂದಳು ಶಿವಮ್ಮ. "ಅವ್ರು ಬರೋದ್ರೊಳಗೆ ನನ್ ಕಣ್ಣು ತಗಂಡು ಹೆಸ್ರು ಬರ್ಕೊ, ಮಗ."

ಕವನಾ ಕ್ಯಾಮೆರಾವನ್ನು ಅವಳತ್ತ ತಿರುಗಿಸಿದಳು. "ಒಂದ್ ಕಣ್ಣು ಸಾಕು ಅಕ್ಕ. ಎಡಗಣ್ಣು ಚೆನ್ನಾಗಿದೆ. ಅದೊಂದೇ ತಗೊಳ್ತೀನಿ."

"ಬ್ಯಾಡ. ಒಂದೇ ಅಂತ ಗೊತ್ತಾದ್ರೆ ನಾಳೆ ಅದಕ್ಕೇ ಹೊಡೀತಾನೆ. ಎರಡೂ ತಗಾ."

ಬೆತ್ತ ಬಿಸಾಡಿ, ಊದಿದ ರೆಪ್ಪೆಗಳ ನಡುವೆ ಎರಡು ಬೆರಳು ತೂರಿಸಿ ಬಿಡಿಸಿದಳು. ನೋವಿಗೆ ನೀರು, ನೀರಿನ ಜೊತೆ ರಕ್ತ ಕೆನ್ನೆಗಿಳಿಯಿತು. ಕ್ಯಾಮೆರಾವನ್ನು ನೇರ ನೋಡುತ್ತಾ ನಿಂತಳು.

"ಆಯ್ತು ಅಕ್ಕ," ಅಂದಳು ಕವನಾ. ಶಿವಮ್ಮ ಬೆರಳು ತೆಗೆದಳು. ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು.