ಚನ್ನಾಜಮ್ಮನವರ ಸ್ಮರಣಾರ್ಥ ತೂತುಗಳು

ಹೆಡತಲೆ ಗ್ರಾಮದ ಕವನ ಮೈಸೂರಿನಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಓದುತ್ತಿದ್ದಳು. ಹಾಗೆಂದರೇನೆಂದು ಊರಿಗೆ ನಾಲ್ಕು ವರ್ಷವೂ ಅರ್ಥವಾಗಲಿಲ್ಲ. ಕಾಲೇಜಿಗೂ ಅಷ್ಟೇನೂ ಅರ್ಥವಾಗಿರಲಿಲ್ಲ. ಆಸ್ಪತ್ರೆಯ ಯಂತ್ರಗಳನ್ನು ಬಲ್ಲ, ಕೆಟ್ಟರೆ ಸರಿಮಾಡಬಲ್ಲ ವಿದ್ಯೆ ಅದು. ಲ್ಯಾಬಿನಲ್ಲಿ ಒಂದು ಇ.ಸಿ.ಜಿ. ಯಂತ್ರವೇನೋ ಇತ್ತು; ‘ಮುಟ್ಟಬಾರದು’ ಎಂಬ ಚೀಟಿ ಅಂಟಿಸಿಕೊಂಡು ಗಾಜಿನ ಬೀರುವಿನಲ್ಲಿ ಮಡಿಯಾಗಿ ಕುಳಿತಿತ್ತು. ವಿದ್ಯಾರ್ಥಿಗಳು ಅದರ ಚಿತ್ರ ಬರೆದು ಹತ್ತಕ್ಕೆ ಒಂಬತ್ತು ಪಡೆಯುತ್ತಿದ್ದರು.

2004ರ ಕೊನೆಯ ಸೆಮಿಸ್ಟರಿನಲ್ಲಿ ಫಜೀತಿ ಶುರುವಾಯಿತು. ಕೆಟ್ಟ ಯಂತ್ರವೊಂದನ್ನು ನಿಜವಾಗಿಯೂ ಸರಿಪಡಿಸಿ, ಆಸ್ಪತ್ರೆಯ ಮೊಹರು ಹಾಕಿಸಿ ವರದಿ ಕೊಡಬೇಕು. ಮೊಹರಿಲ್ಲದಿದ್ದರೆ ಡಿಗ್ರಿಯಿಲ್ಲ. ಸಹಪಾಠಿಗಳು ಬೆಂಗಳೂರಿನ ಅಂಗಡಿಯಿಂದ ರೆಡಿಮೇಡ್ ಪ್ರಾಜೆಕ್ಟ್ ತಂದರು. ಮೊಹರೂ ಒಳಗೇ ಇರುತ್ತಿತ್ತು. ಕವನಳಿಗೆ ಸ್ವಲ್ಪ ಸೊಕ್ಕು. ಸ್ಕ್ರೂಡ್ರೈವರ್ ಹಿಡಿದು ಟಿ. ನರಸೀಪುರದ ಬಸ್ಸು ಹತ್ತಿದಳು.

ಅಲ್ಲೊಂದು ಟ್ರಸ್ಟಿನ ಹೆರಿಗೆ ಆಸ್ಪತ್ರೆ. ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರನ್ನು ಎಷ್ಟು ದಪ್ಪಗೆ ಬರೆಸಿದ್ದರೆಂದರೆ ಬೆಳಕಿಗೆ ಹೊರಬರಲು ಜಾಗವಿರಲಿಲ್ಲ. ಫ್ಯಾನಿನ ಮೂರು ರೆಕ್ಕೆಗೆ ಮೂವರು ದಾನಿಗಳು. ಕರೆಂಟು ಹೋದಾಗ ಮಾತ್ರ ಓದಬಹುದು. ಮೂಲೆಯಲ್ಲಿ ಇನ್‌ಕ್ಯುಬೇಟರ್ ಇತ್ತು, ತಿಂಗಳು ತುಂಬದೆ ಹುಟ್ಟಿದ ಕೂಸನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ.

“ಅರ್ಧ ಗಂಟೆ ಓಡ್ತದೆ ಕಣವ್ವ, ಆಮೇಕೆ ಕೂಸ್ಗಿಂತ ಜೋರಾಗಿ ಕಿರುಚ್ಕೊಂಡು ನಿಂತೋಯ್ತದೆ. ಕೂಸ್ನ ಮೈಸೂರಿಗ್ ಕಳಿಸ್ಬುಡ್ತೀವಿ” ಎಂದಳು ಆಯಾ ಮರಿತಾಯಮ್ಮ.

ಕವನ ಹತ್ತು ನಿಮಿಷದಲ್ಲಿ ಕಾಯಿಲೆ ಹಿಡಿದಳು. ಯಂತ್ರದ ಮುಂಭಾಗದಲ್ಲಿ ಒಳಗಿನ ಬಿಸಿಗಾಳಿ ಹೊರಹೋಗಲು ಕಿಂಡಿಗಳಿದ್ದವು. ಅಷ್ಟೂ ಕಿಂಡಿಯ ಮೇಲೆ ದಪ್ಪ ಸ್ಟೀಲಿನ ಫಲಕ: ‘ದಿವಂಗತ ಚನ್ನಾಜಮ್ಮನವರ ಸ್ಮರಣಾರ್ಥ’. ಯಂತ್ರಕ್ಕೆ ರೋಗವಿರಲಿಲ್ಲ, ಮೂಗಿಗೆ ಮುಚ್ಚಳ ಬಿದ್ದಿತ್ತು.

ಚನ್ನಾಜಮ್ಮನವರ ಮಗ ಶಿವಸ್ವಾಮಿ, ರೈಸ್‌ಮಿಲ್ ಧಣಿ, ಟ್ರಸ್ಟಿನ ಅಧ್ಯಕ್ಷರೂ ಹೌದು. ಮೊಹರು ಇರುತ್ತಿದ್ದುದು ಅವರ ಜುಬ್ಬದ ಜೇಬಿನಲ್ಲಿ.

“ನೀನ್ ಯಾರ್ ಪೈಕಿ ಮಗ?” ಎಂದರು ಮೊದಲು.

“ಬಯೋಮೆಡಿಕಲ್ ಪೈಕಿ ಸಾ.”

ಅಂಥ ಪೈಕಿ ಅವರ ಪಟ್ಟಿಯಲ್ಲಿರಲಿಲ್ಲ. ಫಲಕ ತೆಗೆಯಬೇಕೆಂದಾಗ ಮುಖ ಕಪ್ಪಿಟ್ಟಿತು.

“ಹಿಂದ್ಗಡೆಗೆ ಹಾಕಿದ್ರಾಯ್ತು ಸಾ.”

“ಇಂದ್ಗಡೆ ಗೋಡೆ ಐತೆ. ಗೋಡೆ ಓದ್ತದಾ ನಮ್ಮವ್ವನ ಹೆಸ್ರ? ವೋಲ್ಟೇಜ್ ತೊಂದ್ರೆ ಅಂತ ಬರ್ಕೊ, ಈಗ್ಲೇ ಮೊಹರ್ ಒತ್ಕೊಡ್ತೀನಿ.”

ವರದಿಗೆ ಉಳಿದದ್ದು ನಾಲ್ಕೇ ದಿನ. ಪೆಟ್ಟಿಗೆಯ ಡಿಗ್ರಿ ಏರಿದಷ್ಟೂ ಅವಳ ಡಿಗ್ರಿ ಇಳಿಯುತ್ತಿತ್ತು. ಒಂದು ಸುಳ್ಳು ಸಾಲು ಬರೆದರೆ ಎಂಜಿನಿಯರ್. ಕೂಸುಗಳು ಮಾತ್ರ ಮೈಸೂರಿನ ದಾರಿ ಹಿಡಿಯಬೇಕು.

“ವೋಲ್ಟೇಜ್ ಸರಿಯಾಗೇ ಇದೆ ಸಾ” ಎಂದು ಹೊರಬಂದು, ವರಾಂಡದಲ್ಲಿ ಊಟದ ಡಬ್ಬಿ ಬಿಚ್ಚಿದಳು. ಮುಚ್ಚಳದ ಮೇಲೆ ಅವಳ ಅವ್ವನ ಹೆಸರು, ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕುಟ್ಟಿಕೊಟ್ಟದ್ದು: ಮಂಗಳಮ್ಮ. ಕವನ ತುತ್ತು ಬಿಟ್ಟು ಮುಚ್ಚಳ ಹಿಡಿದು ಒಳಗೋಡಿದಳು.

“ಫಲಕ ಅಲ್ಲೇ ಇರ್ಲಿ ಸಾ. ಹೆಸರನ್ನ ಹಿಂಗೆ ಚುಕ್ಕೀಲಿ ಬರೆಸಣ. ಚುಕ್ಕಿ ಬದಲು ತೂತು.”

“ನಮ್ಮವ್ವಂಗೆ ತೂತಾ?”

“ಒಳಗಿನ್ ಲೈಟು ಆ ತೂತಲ್ಲಿ ಬತ್ತದೆ ಸಾ. ಹೆಸರು ಹೊಳೀತದೆ.”

“ಒಳೀತದಾ?” ಶಿವಸ್ವಾಮಿಯವರ ದನಿಯೇ ಬದಲಾಯಿತು.

ಮರುದಿನ ಫಲಕ ಕಳಚಿತು. ಪಂಚೆಯಲ್ಲಿ ಸುತ್ತಿ, ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಶಿವಸ್ವಾಮಿಯವರೇ ನಂಜನಗೂಡು ಬಜಾರಿಗೆ ತಂದರು. ಪಾತ್ರೆಗೆ ಹೆಸರು ಹಾಕುವ ಬೆಟ್ಟಸ್ವಾಮಿ ತಲೆ ಕೆರೆದುಕೊಂಡ.

“ತೂತು ಬಿದ್ರೆ ಗಿರಾಕಿ ಉಗೀತಾರೆ ಸಾ. ತೂತೇ ಬೇಕು ಅನ್ನೋರ್ನ ಇವತ್ತೇ ನೋಡಿದ್ದು.” ಪಕ್ಕದ ವೆಲ್ಡಿಂಗ್ ಶಾಪಿನಿಂದ ಡ್ರಿಲ್ ತಂದು ತೊಂಬತ್ತೆರಡು ತೂತು ಕೊರೆದ.

ಫಲಕವನ್ನು ಮತ್ತೆ ಕೂರಿಸಿ ನೋಡಿದರೆ, ಪೆಟ್ಟಿಗೆ ಮೂರು ಗಂಟೆ ಓಡಿ ಕಿರುಚಿತು. ಶಿವಸ್ವಾಮಿ ಕವನಳನ್ನು ನೋಡಿದರು. ಕವನ ಕ್ಯಾಲ್ಕುಲೇಟರ್ ನೋಡಿದಳು.

“ದಾರಿ ಸರಿಯಾಗೇ ಇದೆ ಸಾ. ಹೆಸರು ಸಾಲ್ದು. ಇನ್ನೂ ಎಂಬತ್ತೆಂಟು ತೂತು ಬೇಕು.”

ಇಷ್ಟು ಸೊಗಸಾದ ತಾಂತ್ರಿಕ ಸಲಹೆಯನ್ನು ಧಣಿಗಳು ಜನ್ಮದಲ್ಲಿ ಕೇಳಿರಲಿಲ್ಲ. “ನಮ್ಮಪ್ಪಾಜೀದು ಸೇರ್ಸವ್ವ! ತಾತಂದೂ ಸೇರ್ಸು! ನಂದು?”

“ತಗಡು ಮುಗೀತದೆ ಸಾ.”

ಅಪ್ಪ ಸಿದ್ದಮಲ್ಲಪ್ಪನವರೂ ತಾತ ಬಿಳಿಗೆರೆ ಪಟೇಲ್ ಗುರುಮಲ್ಲಪ್ಪನವರೂ ಸೇರಿಕೊಂಡರು. ಈ ಸಲ ಪೆಟ್ಟಿಗೆ ಬೆಳಗಿನಿಂದ ಸಂಜೆಯವರೆಗೆ ಸದ್ದಿಲ್ಲದೆ ಓಡಿತು. ಮೂರು ತಲೆಮಾರು ಬೆಚ್ಚಗೆ ಉಸಿರಾಡಿತು. ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದ ಶಿವಸ್ವಾಮಿ, ಹೊಳೆಯುವ ಹೆಸರುಗಳನ್ನು ಮತ್ತೆ ಮತ್ತೆ ಓದಿ, ಕೇಳುವ ಮೊದಲೇ ಮೊಹರು ಒತ್ತಿದರು. ಅದೂ ಎರಡು ಸಲ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ವರದಿ ತಿರುವಿ ಕೇಳಿದರು: “ನಿಮ್ಮ ಲೆಕ್ಕದ ಪ್ರಕಾರ ನೂರ ಎಂಬತ್ತು ತೂತು ಸಾಕು. ಇಲ್ಲಿ ಇನ್ನೂರ ಹದಿನಾಲ್ಕಿದೆಯಲ್ಲಮ್ಮ?”

“ಅವರ ತಾತನ ಹೆಸರನ್ನ ಅರ್ಧಕ್ಕೆ ನಿಲ್ಲಿಸೋಕೆ ಆಗ್ಲಿಲ್ಲ ಸಾರ್.”

ನೂರಕ್ಕೆ ಎಂಬತ್ತೊಂದು ಬಂತು, ಡಿಗ್ರಿಯೂ ಬಂತು. ಉಳಿದ ಹತ್ತೊಂಬತ್ತನ್ನು ಕಡಿದವರು ಅವಳ ಗೈಡ್, ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗದಿದ್ದ ಮೇಷ್ಟ್ರು. ವರದಿಯ ಮೊದಲ ಪುಟದ ಕೃತಜ್ಞತೆಯಲ್ಲಿ ಮರಿತಾಯಮ್ಮ, ಬೆಟ್ಟಸ್ವಾಮಿ ಇದ್ದರು. ಮೇಷ್ಟ್ರ ಹೆಸರು ಬಿಟ್ಟುಹೋಗಿತ್ತು.