ನಮ್ಮಮ್ಮ ಮೂಗಿಯಲ್ಲ

ಓದುವ ಎಲ್ಲರಿಗೂ ನಮಸ್ಕಾರ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಮದುವೆಯಾದ ಮೇಲೆ ಹತ್ತನೇ ತರಗತಿ ಪಾಸು ಮಾಡಿದವನು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಸಿಟ್ಟು ಜಾಸ್ತಿಯಾಗಿದ್ದರೆ ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ತೊಂಬತ್ತರ ದಶಕದ ಶುರು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇದ್ದವು. ಮಗ್ಗ ಓಡುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಅದಕ್ಕೆ ನಮ್ಮ ಬೀದಿಯವರು ಕೂಗಾಡುವುದಿಲ್ಲ. ತುಟಿ ಆಡಿಸಿ, ಕೈ ತೋರಿಸಿಯೇ ಮಾತು ಮುಗಿಸುತ್ತೇವೆ. ನೂಲು ಕಡಿದದ್ದು, ಅನ್ನ ಆದದ್ದು, ಎದುರುಮನೆ ಸೊಸೆಯ ಮೇಲಿನ ಚಾಡಿ, ಎಲ್ಲ. ನಮ್ಮಮ್ಮ ಅದರಲ್ಲಿ ಎತ್ತಿದ ಕೈ. ಕರೆಂಟ್ ಹೋದರಂತೂ ಅವಳ ದನಿ ಬೀದಿ ಕೊನೆಯ ನಲ್ಲಿವರೆಗೂ ಕೇಳುತ್ತಿತ್ತು.

ಆಗ ಬೆಂಗಳೂರಿನಿಂದ ಇಂಗ್ಲಿಷಿನಲ್ಲಿ ಕಾದಂಬರಿ ಬರೆಯುವ ಒಬ್ಬರು ಬಂದರು. ಹೆಸರು ಬೇಡ. ನೇಕಾರರ ಬಗ್ಗೆ ಬರೆಯಬೇಕೆಂದು ಒಂದು ವಾರ ದಿನಾ ಬಂದು, ಕಂಬಕ್ಕೆ ಒರಗಿ ಕೂತು ಏನೇನೋ ಗೀಚಿಕೊಂಡರು. ಅಮ್ಮ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಲೇ, ತುಟಿಯಲ್ಲೇ, ತನ್ನ ತವರು ತೂಬಗೆರೆಯಿಂದ ಹಿಡಿದು ತೀರಿಕೊಂಡ ನಮ್ಮಕ್ಕನವರೆಗೂ ಎಲ್ಲ ಹೇಳಿದಳು. ಅವರು ನಗುತ್ತಾ ತಲೆಯಾಡಿಸಿದರು. ಕರೆಂಟ್ ಹೋದ ತಕ್ಷಣ ಎದ್ದು ಟೀ ಅಂಗಡಿಗೆ ಹೊರಡುತ್ತಿದ್ದರು. ಮಗ್ಗದ ಸದ್ದು ಕೇಳಿದ ಮೇಲೆಯೇ ವಾಪಸ್.

ಕೆಲವು ವರ್ಷದ ಮೇಲೆ ಆ ಪುಸ್ತಕಕ್ಕೆ ಹೊರದೇಶದ ದೊಡ್ಡ ಪ್ರಶಸ್ತಿ ಬಂತು. ನಮ್ಮ ಬೀದಿಯಲ್ಲಿ ಮೈಸೂರು ಪಾಕ್ ಹಂಚಿದೆವು. ನಾನು ಪುಸ್ತಕ ತಂದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎರಡು ತಿಂಗಳು ಓದಿದೆ.

“ಏನ್ಲಾ, ನಾನು ಬಂದ್ನಾ?” ಅಮ್ಮ ದಿನಾ ಕೇಳುವಳು.

ಒಂದು ದಿನ ಪುಸ್ತಕದಲ್ಲಿ ಬಂದಳು.

“ಏನಂದೆ ಅಂತ ಬರ್ದವ್ರೆ?”

ನಾನು ಪುಸ್ತಕ ಮುಚ್ಚಿದೆ.

“ಹೇಳ್ಲಾ, ಬೈದೆ ಅಂತ ಬರ್ದವ್ರಾ?”

“ಏನೂ ಅನ್ನಲ್ಲಮ್ಮ. ಪುಸ್ತಕದಲ್ಲಿ ನೀನು ಮೂಗಿ.”

ಹುಟ್ಟಾ ಮೂಗಿಯಂತೆ. ತುಟಿ ಅಲುಗುತ್ತದೆ, ದನಿ ಬರುವುದಿಲ್ಲ. ಪ್ರಶಸ್ತಿ ಕೊಟ್ಟವರು ತುಂಬ ಹೊಗಳಿದ್ದೂ ಆ ಮೂಗಿಯನ್ನೇ ಎಂದು ಪೇಪರಿನಲ್ಲಿತ್ತು.

“ನಿಮ್ಮಕ್ಕನ ವಿಚಾರ ಹೇಳಿದ್ನಲ್ಲೋ. ಅದೂ ಇಲ್ವಾ?”

“ಇಲ್ಲಮ್ಮ.”

ಅವತ್ತು ಅಮ್ಮ ಊಟ ಮಾಡಲಿಲ್ಲ.

ಆಮೇಲೆ ಆ ಕಾದಂಬರಿ ಬರೆದವರು ಟಿವಿಯವರನ್ನು ಕರೆದುಕೊಂಡು ಮನೆಗೇ ಬಂದರು. ಅಮ್ಮನ ಮುಂದೆ ನಿಂತು ಕೈಸನ್ನೆಯಲ್ಲಿ ಚೆನ್ನಾಗಿದ್ದೀರಾ ಎಂದು ಕೇಳಿದರು. ಅಮ್ಮ ಎದ್ದು ಹೋಗಿ ಮೇನ್ ಸ್ವಿಚ್ಚನ್ನೇ ಎಳೆದಳು. ನಾಲ್ಕೂ ಮಗ್ಗ ನಿಂತವು.

“ಈಗ ಕೇಳಿಸ್ತದಾ ಸ್ವಾಮಿ? ನಂಗೆ ಮಾತ್ ಬತ್ತದೆ. ಕೂತ್ಕಳಿ. ಅವತ್ತು ನನ್ ಮಗಳ ವಿಚಾರ ಹೇಳಿದ್ದೆ, ಇನ್ನೊಂದ್ ಸಲ ಹೇಳ್ತೀನಿ.”

ಅವರ ಮುಖ ಕೆಂಪಾಯಿತು. ಕೂತರು. ಅಮ್ಮ ಶುರು ಮಾಡಿದಳು. ಅಷ್ಟರಲ್ಲಿ ಕ್ಯಾಮೆರಾದವನು, “ಸಾರ್, ಮಗ್ಗ ಓಡ್ಲಿ. ಸೌಂಡ್ ಇಲ್ದಿದ್ರೆ ಚೆನ್ನಾಗಿ ಬರಲ್ಲ” ಅಂದ. ‘ಸ್ವಲ್ಪ ತಡಿ, ಅವರು ಮಾತಾಡುತ್ತಿದ್ದಾರೆ’ ಎಂದು ಒಂದು ಮಾತು ಅವರ ಬಾಯಿಂದ ಬರಬೇಡವೇ? ವಾಚ್ ನೋಡಿಕೊಂಡು, ಆಗಲಿ ಎಂದು ತಲೆಯಾಡಿಸಿದರು. ಬಂದ ದೊಡ್ಡವರಿಗೆ ಇಲ್ಲ ಅನ್ನಲಾಗದೆ ನಮ್ಮಪ್ಪ ಸ್ವಿಚ್ ಹಾಕಿಬಿಟ್ಟರು.

ಅಮ್ಮ ನಿಲ್ಲಿಸಲಿಲ್ಲ. ಜ್ವರದಲ್ಲಿ ಮಲಗಿದ್ದ ಅಕ್ಕ ಮಗ್ಗದ ಸದ್ದಿನಲ್ಲಿ ತುಟಿಯಲ್ಲೇ ನೀರು ಕೇಳಿದ್ದಳಂತೆ. ಅಮ್ಮ ನೂಲು ನೋಡುತ್ತಿದ್ದಳು, ಅವಳ ಕಡೆ ತಿರುಗಿರಲಿಲ್ಲ. ತಿರುಗಿ ಆ ತುಟಿ ನೋಡುವಷ್ಟರಲ್ಲಿ ತಡವಾಗಿತ್ತು, ಅಕ್ಕ ಉಳಿಯಲಿಲ್ಲ. ಇದನ್ನೆಲ್ಲ ಕೊನೆವರೆಗೂ ಹೇಳಿದಳು. ಕ್ಯಾಮೆರಾ ಅವಳ ತುಟಿಯ ಮುಂದೆಯೇ ಇತ್ತು. ಆ ಕೋಣೆಯಲ್ಲಿ ಅದು ತಿಳಿದದ್ದು ಅಪ್ಪನಿಗೆ, ನನಗೆ. ಟಿವಿಯಲ್ಲಿ ಬಂದದ್ದು ಮತ್ತೆ ಮೂಗಿಯೇ.

ಅಮ್ಮ ಈಗಿಲ್ಲ. ಅದಕ್ಕೇ ಇದನ್ನು ಬರೆದೆ. ನಿಮ್ಮ ಮನೆಗೂ ಯಾರಾದರೂ ಬಂದು, ಕೂತು, ತಪ್ಪಾಗಿ ಬರೆದುಕೊಂಡು ಹೋಗಿದ್ದರೆ ದಯವಿಟ್ಟು ನೀವೂ ಹೇಳಿ. ಎಷ್ಟು ಉದ್ದವಿದ್ದರೂ ಪೂರ್ತಿ ಓದುತ್ತೇನೆ.