ಅವ್ವನ ಮನೆ, ಅಪ್ಪನ ಬಾಡಿಗೆ

ತೊಂಬತ್ತರ ದಶಕದಲ್ಲಿ ದಾಂಡೇಲಿಯಲ್ಲಿ ನಮಗೆ ಸ್ವಂತ ಮನೆ ಇತ್ತು, ನಾವಿದ್ದದ್ದು ಮಾತ್ರ ಬಾಡಿಗೆಗೆ. ಇದು ಅಪ್ಪನ ಜಾಣತನ. ಹಳಿಯಾಳದಿಂದ ಬಂದು ಕಿರಾಣಿ ಅಂಗಡಿ ಇಟ್ಟಿದ್ದ. ಅಂಗಡಿಯ ಹಿಂದಿನ ಎರಡು ಕತ್ತಲೆ ಕೋಣೆ ಅಗ್ಗಕ್ಕೆ ಸಿಕ್ಕಿದ್ದವು. ಕಟ್ಟಿಸಿದ ಮನೆಗೆ ಅದರ ಮೂರು ಪಟ್ಟು ಬಾಡಿಗೆ ಬರುತ್ತಿತ್ತು.

"ನಾವ ಹೋಗಿ ಕುಂತ್ರ ಮನಿ ದುಡೀತೈತೇನು?" ಎನ್ನುತ್ತಿದ್ದ. ಅಲ್ಲಿ ಒಲೆ ಹೂಡುವುದೊಂದೇ ಅವ್ವನ ಆಸೆ. "ಮುಂದಿನ ವರ್ಷ ಹೋಗೂಣು" ಅಂತ ಪ್ರತಿ ದೀಪಾವಳಿಗೆ ಅಪ್ಪ ಅವಳ ಬಾಯಿ ಮುಚ್ಚಿಸುತ್ತಿದ್ದ.

ಆದರೆ ಅವನ ಲೆಕ್ಕ ಯಾವ ವರ್ಷವೂ ಕೂಡುತ್ತಿರಲಿಲ್ಲ. ನಮ್ಮ ಬಾಡಿಗೆ, ಮನೆಪಟ್ಟಿ, ಹೆಂಚು ಸರಿಪಡಿಸಿದ ಕೂಲಿ, ಸುಣ್ಣ ಎಲ್ಲ ಕಳೆದ ಮೇಲೆ ಎರಡು ತಿಂಗಳ ಬಾಡಿಗೆಯಷ್ಟು ಕಡಿಮೆ ಬೀಳುತ್ತಿತ್ತು. ಬಾಡಿಗೆಗಿದ್ದವರು ಕುಂಬಾರವಾಡ ಎಂಬ ಹಳ್ಳಿಯ ಗಂಡ ಹೆಂಡತಿ. ಅವನು ಕಟ್ಟಿಗೆ ಡಿಪೋದ ಕೆಲಸದವ. ಮಳೆಗಾಲದಲ್ಲಿ ಕೆಲಸವಿಲ್ಲದೆ ಇಬ್ಬರೂ ಭತ್ತ ನೆಡಲು ಎರಡು ತಿಂಗಳು ಊರಿಗೆ ಹೋಗುತ್ತಿದ್ದರು. ದೀಪ ಹಚ್ಚದ ಮನೆಗೆ ಬಾಡಿಗೆ ತೆಗೆದುಕೊಳ್ಳಬಾರದೆಂಬುದು ನಮ್ಮ ಮನೆಯ ಹಿರಿಯರ ಕಟ್ಟಳೆ. ಒಂದು ಬೆಂಕಿಪೊಟ್ಟಣ ಉದ್ರಿ ಬಿಡದ ಅಪ್ಪ ಇದನ್ನು ಮಾತ್ರ ಮೀರುತ್ತಿರಲಿಲ್ಲ.

ಒಂದು ಮಳೆಗಾಲ ಅವರು ಬೀಗದ ಕೈ ಅವ್ವನಿಗೆ ಕೊಟ್ಟು ಹೋದರು. ಅವ್ವ ದಿನಾ ಸಂಜೆ ನನ್ನನ್ನು ಕರೆದುಕೊಂಡು ಹೋಗಿ, ಬಾಗಿಲು ತೆಗೆದು ದೀಪ ಹಚ್ಚುತ್ತಿದ್ದಳು. ಅವರ ಪಾತ್ರೆ ಪಗಡ ಮುಟ್ಟುತ್ತಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕುಂತು, ಇಲ್ಲಿ ಹಿಟ್ಟಿನ ಡಬ್ಬಿ, ಅಲ್ಲಿ ನೀರಿನ ಹಂಡೆ ಅಂತ ನನಗೆ ತೋರಿಸುತ್ತಿದ್ದಳು. ಅವಳನ್ನು ಅಷ್ಟು ಖುಷಿಯಾಗಿ ನಾನು ಮತ್ತೆಲ್ಲೂ ನೋಡಲಿಲ್ಲ. ಆ ಸಂಜೆಗಳು ಈಗಲೂ ಬೇಕೆನಿಸುತ್ತವೆ.

ನೆಟ್ಟಿ ಮುಗಿಸಿ ಬಂದ ಬಾಡಿಗೆಯವನ ಹೆಂಡತಿ ದೀಪದಲ್ಲಿ ಹೊಸ ಎಣ್ಣೆ ನೋಡಿದಳು. ಮರುದಿನ ಗಂಡ ಅಂಗಡಿಗೆ ಬಂದು ಎರಡು ತಿಂಗಳ ಬಾಡಿಗೆ ಇಟ್ಟ.

"ಅವ್ವಾರು ದೀಪ ಹಚ್ಚ್ಯಾರಲ್ರಿ ಸಾವಕಾರ್ರ. ತೊಗೋಬೇಕ್ರಿ."

ಅಪ್ಪ ತೆಗೆದುಕೊಂಡ. ಆ ವರ್ಷ ಅವನ ಲೆಕ್ಕ ಕೂಡಿತು; ಸಂಜೆ ಎಲ್ಲರಿಗೂ ಮಿರ್ಚಿ ಭಜಿ ತಂದ.

ಮರುವರ್ಷ ಅವರು ಊರಿಗೆ ಹೋದ ದಿನವೇ ಅಪ್ಪ ಎಣ್ಣೆ ಬಾಟಲಿ ತಂದು ಅವ್ವನ ಮುಂದಿಟ್ಟು, "ಹೋಗಿ ದೀಪ ಹಚ್ಚಿ ಬಾ" ಅಂದ.

"ನನ್ನ ಮನಿ ಅಂತ ಹೋಗ್ತಿದ್ದೆ ನಾ" ಅಂದಳು ಅವ್ವ. "ಬಾಡಿಗಿ ಸಲುವಾಗಿ ಹೋಗೂದಿಲ್ಲ."

ಮತ್ತೆ ದೀಪ ಹಚ್ಚಲು ಹೋಗಲೇ ಇಲ್ಲ. ಮುಂದೆ ಗಣೇಶಗುಡಿ ಕಡೆ ಪ್ರವಾಸಿಗರು ಬರತೊಡಗಿ ದಾಂಡೇಲಿಯಲ್ಲೂ ಜಾಗಕ್ಕೆ ಬೆಲೆ ಏರಿತು. ಅಪ್ಪ ಮನೆ ಮಾರಿದ. ಹಾಕಿದ್ದಕ್ಕೆ ಎಷ್ಟೋ ಪಟ್ಟು ಬಂತೆಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಕೊಂಡವರು ಅಲ್ಲೇ ಇರಲು ಬಂದವರು. ಬೀಗದ ಕೈ ಕೊಡಲು ಹೋದ ಅವ್ವ ಅವರ ಹೊಸ ಸೊಸೆಯನ್ನು ಹಿಂದಿನ ಬಾಗಿಲಿಗೆ ಕರೆದೊಯ್ದು ಹೇಳಿದಳು:

"ಮಳಿಗಾಲದಾಗ ಇದು ಬಿಗೀತೈತವಾ. ಜಗ್ಗಬ್ಯಾಡ, ಸ್ವಲ್ಪ ಮ್ಯಾಲ ಎತ್ತಿ ತಗಿ."